ಡಾಕ್ಟರ ಹೊಲಕ್ಕೆ ಮಾಗಿ ಉಳುಮೆ

ಮಗಳ ಗಿನಿಪಿಗ್‌ಗೆಂದು ಅಂಗಡಿಯಿಂದ ತಂದ ಒಣಹುಲ್ಲಿನ ಚೀಲವನ್ನು ಮೊನ್ನೆ ಅಡುಗೆಮನೆಯಲ್ಲಿ ಕತ್ತರಿಸಿದೆ. ಚೀಲ ಬಾಯಿ ಬಿಟ್ಟದ್ದೇ ತಡ, ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪಿನ ವಾಸನೆ ಗುಪ್ಪೆಂದು ಮುಖಕ್ಕೆ ಬಡಿಯಿತು. ಅರ್ಧ ಟೀಪುಡಿ, ಅರ್ಧ ಹಳೇ ಮೆಂತ್ಯದ ಡಬ್ಬಿ... ನಾನು ಚೀಲದೊಳಕ್ಕೆ ಮೂಗು ತೂರಿಸಿ ನಿಂತೇಬಿಟ್ಟೆ. ಬಾಗಿಲಲ್ಲಿದ್ದ ಮಗಳು, "ಅಮ್ಮಾ, ದಟ್ಸ್ ಹರ್ ಡಿನ್ನರ್!" ಎಂದು ಗದರಿದಳು. ಅವಳಿಗೆ ನನ್ನ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಇದು ಡಾಕ್ಟರ್ ತಾತನ ಹೊಲದ ವಾಸನೆ ಕಣೇ" ಎಂದೆ. "ಹೂ ಈಸ್ ದಟ್?" ಎಂದಳು. ತಪ್ಪು ಅವಳದಲ್ಲ. ಡಾಕ್ಟರು ಹೋದಾಗ ಅವಳಿನ್ನೂ ತೊಟ್ಟಿಲಿನಿಂದ ಇಳಿದಿರಲಿಲ್ಲ.

ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ಜೀವಮಾನವಿಡೀ ಜಿಪಿ, ಅಂದರೆ ಊರಿನ ಫ್ಯಾಮಿಲಿ ಡಾಕ್ಟರ್ ಆಗಿ ದುಡಿದು ರಿಟೈರ್ ಆದವರು. ಊರಿನ ಅರ್ಧ ಜನ ಒಂದಲ್ಲ ಒಂದು ಸಲ ಅವರ ಮುಂದೆ ಬಾಯಿ ತೆರೆದು 'ಆ' ಎಂದವರೇ ಆದ್ದರಿಂದ, ಅವರ ಜೊತೆ ಮಾರ್ಕೆಟ್ಟಿಗೆ ಹೋದರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಿತ್ತು. ಹುಟ್ಟೂರು ತುಮಕೂರು ಸೀಮೆಯ ಒಂದು ರಾಗಿ ಬೆಳೆಯುವ ಹಳ್ಳಿ. ನಾನೋ ಮೈಸೂರಿನ ಪೇಟೆಯವಳು. ಮಣ್ಣು ಎಂದರೆ ನನಗೆ ಗೊತ್ತಿದ್ದದ್ದು ತುಳಸಿ ಕುಂಡದ ಮಣ್ಣು ಮಾತ್ರ. ಇಲ್ಲಿನ ಒಂದು ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ನನಗೆ ಕೆಲಸ. ಆಟದ ಹಿನ್ನೆಲೆಗೆ ಬೇಕಾದ ಗುಡ್ಡ, ಗಿಡ, ಹುಲ್ಲು ಮಾಡುವುದು. ಇದನ್ನು ಕೇಳಿದ ದಿನ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಲ್ಲು ಬೆಳೆಯೋಕೆ ನಿಂಗೆ ಸಂಬಳ, ಹುಲ್ಲು ಕೀಳೋಕೆ ನಂಗೆ ಬೆವರು. ನಿಂದೇ ವಾಸಿ ಕಣಮ್ಮ. ಡಿಲೀಟ್ ಒತ್ತಿದ್ರೆ ಆಯ್ತು."

ರಿಟೈರ್ ಆದ ನಮ್ಮ ಜನ ಬೆಂಗಳೂರಿನಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುತ್ತಾರೆ, ಇಲ್ಲವೇ ಬಿಸಿಲಿರುವ ಕಡೆ ಒಂದು ಮನೆ. ಡಾಕ್ಟರು ಊರಾಚೆ ಒಂದು ಹೊಲ ತೆಗೆದುಕೊಂಡರು. ಮಳೆ ಬಂದರೆ ಬೂಟು ಕಿತ್ತುಕೊಳ್ಳುವ, ಬಿಸಿಲು ಬಂದರೆ ಕಲ್ಲಾಗುವ ವಾರಿಕ್‌ಶೈರಿನ ಜೇಡಿಮಣ್ಣು. ಸುತ್ತ ಹಾಥಾರ್ನ್ ಮುಳ್ಳುಗಿಡದ ಬೇಲಿ, ಮೂಲೆಯಲ್ಲಿ ಒಂದು ಓಕ್ ಮರ. ಯುಗಾದಿಗೆ ಸೇರುವ ನಮ್ಮವರೆಲ್ಲ ಅವರನ್ನು ಆಡಿಕೊಂಡರು. ಅವರ ಹೆಂಡತಿ, ನಾವೆಲ್ಲ ಆಂಟಿ ಎನ್ನುತ್ತಿದ್ದವರು, ಎಲ್ಲರಿಗಿಂತ ಜೋರಾಗಿ ಆಡಿಕೊಂಡರು. "ಇಷ್ಟು ವರ್ಷ ಜನರ ಗಂಟಲು ನೋಡಿದ್ದು ಸಾಲದು ಅಂತ ಈಗ ಮಣ್ಣಿನ ಗಂಟಲು ನೋಡೋಕೆ ಹೊರಟಿದಾರೆ" ಎನ್ನುತ್ತಿದ್ದರು ಆಂಟಿ. ಆ ಹೊಲವನ್ನು ಅವರು ಕೊನೆಯವರೆಗೂ ಸವತಿಯೆಂದೇ ಕರೆದರು.

ಹೊಲ ಯಾಕೆ ಎಂಬುದನ್ನು ಡಾಕ್ಟರು ನನಗೆ ಹೇಳಿದ್ದು ಕಾರಿನಲ್ಲಿ. ಹೃದಯದ ತೊಂದರೆ ಶುರುವಾದ ಮೇಲೆ ಅವರು ಡ್ರೈವ್ ಮಾಡುವಂತಿರಲಿಲ್ಲ. ಶನಿವಾರಗಳಂದು ನಾನೇ ಕರೆದೊಯ್ಯುತ್ತಿದ್ದೆ. ಅವರಿಗೊಬ್ಬ ಅಣ್ಣ. ಓದಿನಲ್ಲಿ ತಮ್ಮನಿಗಿಂತ ಚುರುಕಾಗಿದ್ದನಂತೆ. ಅಪ್ಪ ಹಾಸಿಗೆ ಹಿಡಿದಾಗ ಮನೆಯಲ್ಲಿ ಯಾರಾದರೊಬ್ಬರು ಶಾಲೆ ಬಿಟ್ಟು ನೇಗಿಲು ಹಿಡಿಯಬೇಕಾಯಿತು. ಅಣ್ಣ ಹಿಡಿದ. ತಮ್ಮ ಓದಿದ, ಡಾಕ್ಟರಾದ, ಕಡಲು ದಾಟಿ ಇಷ್ಟು ದೂರ ಬಂದ.

"ನೊಗಕ್ಕೆ ಎರಡು ಎತ್ತು ಬೇಕಮ್ಮ. ನಮ್ಮನೇಲಿ ಒಂದೇ ಎತ್ತು ಎಳೀತು" ಎಂದರು ಡಾಕ್ಟರು. ಸ್ವಲ್ಪ ದೂರ ಹೋದ ಮೇಲೆ, "ಒಂದೇ ಒಂದು ಸಲ ನನ್ನ ಕೈಯಾರೆ ಬೆಳೆದ ಶುದ್ಧವಾದ ಗೋಧಿ ಹೊಲ ಅವನಿಗೆ ತೋರಿಸಬೇಕು. ನಾನೂ ಆ ಅಪ್ಪನ ಮಗನೇ ಅಂತ" ಎಂದರು. ಅಷ್ಟೇ ಅವರ ಆಸೆ. ಹೊಲದಲ್ಲಿ ಕಳೆ ಇರಬಾರದು, ಬೇಲಿಯಿಂದ ಬೇಲಿಗೆ ಗೋಧಿ ಇರಬೇಕು, ಅಣ್ಣ ಬಂದು ನೋಡಬೇಕು. ಅದಕ್ಕೇ ಅಣ್ಣ "ನಿನ್ ದೇಶ ನೋಡಕ್ ಬತ್ತೀನಿ" ಎಂದಾಗಲೆಲ್ಲ, "ಈಗ ಬೇಡ, ಹೊಲ ಹದಕ್ಕೆ ಬರಲಿ" ಎಂದು ಮುಂದೂಡುತ್ತಿದ್ದರು.

ಹೊಲ ಹದಕ್ಕೆ ಬರಲಿಲ್ಲ. ಮೊದಲ ವರ್ಷ ಗೋಧಿ ಪರವಾಗಿಲ್ಲ ಎನ್ನುವಂತಿತ್ತು. ಎರಡನೆಯ ವರ್ಷ ಜೂನ್ ತಿಂಗಳಲ್ಲಿ ಹೋಗಿ ನೋಡಿದರೆ ಗೋಧಿಯ ತಲೆಯ ಮೇಲೆ ಇನ್ನೊಂದು ಬೆಳೆ ನಿಂತಿತ್ತು. ಇಲಿಬಾಲದಂಥ ಸಣ್ಣ ಸಣ್ಣ ತೆನೆಗಳು, ಕಪ್ಪೆನ್ನಬೇಕೋ ನೇರಳೆ ಎನ್ನಬೇಕೋ ತಿಳಿಯದ ಬಣ್ಣ. ಗಾಳಿಗೆ ಇಡೀ ಹೊಲ ಹೊಗೆಯಾಡಿದಂತೆ ಕಾಣುತ್ತಿತ್ತು. ನನಗೆ ಚೆಂದ ಕಂಡು ಕೆಲಸಕ್ಕೆ ಬೇಕಾಗುತ್ತದೆಂದು ಫೋಟೋ ತೆಗೆದುಕೊಂಡೆ. ತಿರುಗಿ ನೋಡಿದರೆ ಡಾಕ್ಟರ ಮುಖದಲ್ಲಿ ರಕ್ತವಿರಲಿಲ್ಲ. ಬ್ಲ್ಯಾಕ್‌ಗ್ರಾಸ್ ಎಂದು ಇಲ್ಲಿನ ರೈತರು ಹೆಸರು ಹೇಳಲೂ ಹೆದರುವ ಕಳೆ ಅದು. ಡಾಕ್ಟರು ಅದಕ್ಕೆ ಕರಿಹುಲ್ಲು ಎಂದು ಹೆಸರಿಟ್ಟರು.

ಹೊಲವನ್ನು ಉತ್ತು ಬಿತ್ತಿ ಕೊಡುತ್ತಿದ್ದವನು ಪಕ್ಕದ ಹಳ್ಳಿಯ ಇಂಗ್ಲಿಷ್ ರೈತ. ತನ್ನ ಟ್ರ್ಯಾಕ್ಟರಿನಿಂದ ಸುತ್ತಲಿನವರ ಹೊಲವನ್ನೆಲ್ಲ ಮಾಡಿಕೊಡುತ್ತಿದ್ದ ಕೆಂಪು ಮುಖದ ಮನುಷ್ಯ. ನಮ್ಮ ಪಾಲಿಗೆ ಟ್ರ್ಯಾಕ್ಟರಿನವ. ಅವನು ಒಂದು ಔಷಧ ಹೊಡೆದ. ಕರಿಹುಲ್ಲು ಜಗ್ಗಲಿಲ್ಲ. ಇನ್ನೊಂದು ಹೊಡೆದ. ಮರುವರ್ಷ ಅದು ಎರಡರಷ್ಟಾಯಿತು. "ಹಾಲು ಕುಡಿದ ಮಕ್ಕಳೇ ಬದುಕಲ್ಲ ಅಂತಾರೆ. ಇದು ವಿಷ ಕುಡಿದು ಬದುಕ್ತಾ ಇದೆ ನೋಡು" ಎಂದರು ಡಾಕ್ಟರು. ಮೂರನೆಯ ಔಷಧದ ಮಾತು ಬಂದಾಗ ಅವರು ಬೇಡವೆಂದುಬಿಟ್ಟರು. ಸಣ್ಣ ಶೀತಕ್ಕೂ ಆ್ಯಂಟಿಬಯಾಟಿಕ್ ಕೇಳಿ, ಎರಡು ದಿನ ನುಂಗಿ, ಜ್ವರ ಇಳಿದೊಡನೆ ಬಿಡುವ ಪೇಶೆಂಟುಗಳನ್ನು ಅವರು ಜೀವಮಾನವಿಡೀ ನೋಡಿದ್ದರು. ಸಾಯದೆ ಉಳಿದ ಕ್ರಿಮಿ ಮುಂದಿನ ಸಲ ಯಾವ ಮಾತ್ರೆಗೂ ಬಗ್ಗದು. ಕರಿಹುಲ್ಲಿನ ಕತೆಯೂ ಅದೇ ಎಂದು ಅವರಿಗೆ ಹೊಳೆದಿತ್ತು.

ಆಮೇಲೆ ಅವರು ಓದಲು ಕೂತರು. ಓದಿ ಓದಿ ಕೊನೆಗೆ ತಲುಪಿದ್ದು ಇಲ್ಲಿನವರೇ ಒಂದು ಕಾಲಕ್ಕೆ ಮಾಡುತ್ತಿದ್ದು, ಸ್ಪ್ರೇ ಬಂದ ಮೇಲೆ ಮರೆತ ದಾರಿಗೆ. ಧಾನ್ಯ ನಿಲ್ಲಿಸಿ ಹೊಲವನ್ನು ಕೆಲವು ವರ್ಷ ಮೇವಿಗೆ ಬಿಡುವುದು. ಕುದುರೆ ಮಸಾಲೆ, ಕೆಂಪು ಕ್ಲೋವರ್, ಒಂದಿಷ್ಟು ರೈಗ್ರಾಸ್. ಕರಿಹುಲ್ಲು ತೆನೆ ಹೊರಡಿಸಿ ಬೀಜ ಕಟ್ಟುವ ಮೊದಲೇ ಮೇ ತಿಂಗಳಲ್ಲಿ ಮೇವಿನ ಜೊತೆ ಅದರ ತಲೆಯೂ ಹೋಗಬೇಕು. ಕೊಯ್ದದ್ದು ಸುತ್ತಮುತ್ತ ಕುದುರೆ ಸಾಕುವವರಿಗೆ. ಉಳಿದದ್ದನ್ನು ಕುರಿ ಮೇಯಬೇಕು.

ಹುಳುವಿನ ಕಾಟಕ್ಕೂ ಇದೇ ಮದ್ದು ಎನ್ನುತ್ತಿದ್ದರು. ಟ್ರ್ಯಾಕ್ಟರಿನವನ ಹೊಲದಲ್ಲಿ ಸಾಸಿವೆ ಜಾತಿಯ, ಹಳದಿ ಹೂವಿನ ರೇಪ್‌ಸೀಡ್ ಬೆಳೆಯನ್ನು ಮೊಳಕೆಯಲ್ಲೇ ಜಿಗಿಯುವ ದುಂಬಿ ಜರಡಿ ಮಾಡಿ ಹಾಕಿತ್ತು. "ದಿನಾ ಒಂದೇ ಮೆನು ಇಟ್ಟರೆ ಅದೇ ನೆಂಟರು ಸಂಸಾರ ಸಮೇತ ಬಂದು ಕೂರ್ತಾರೆ. ಮೆನು ಬದಲಾಯಿಸಿ ನೋಡು, ಎದ್ದು ಹೋಗ್ತಾರೆ" ಎಂದು ನಗುತ್ತಿದ್ದರು. ಅವರಪ್ಪ ರಾಗಿಯ ನಡುವೆ ಅವರೆ, ಹುಚ್ಚೆಳ್ಳು, ಜೋಳದ ಅಕ್ಕಡಿ ಸಾಲು ಹಾಕುತ್ತಿದ್ದದ್ದು, ಕುಯ್ಲಾದ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದದ್ದು, ಇವೆಲ್ಲ ಆಗ ನೆನಪಿಗೆ ಬರುತ್ತಿದ್ದವು. ಬೇಲಿಯಾಚೆಯ ಕುರಿಗಳನ್ನು ಮೊದಲ ಸಲ ಒಳಗೆ ಬಿಟ್ಟ ದಿನ ಅವರು ಮಗುವಿನ ಹಾಗೆ ಗೇಟಿಗೆ ಜೋತುಬಿದ್ದು ನೋಡಿದ್ದರು.

ಇದರಲ್ಲಿ ಒಂದು ನಿಯಮವಿತ್ತು. ಅದನ್ನು ಅವರು ನನಗೆ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದ್ದರು. ಮೇವು ಬಿತ್ತುವ ಮುಂಚೆ ಒಂದೇ ಸಲ ಆಳವಾಗಿ ಉಳಬೇಕು. ಉದುರಿದ ಕರಿಹುಲ್ಲಿನ ಬೀಜವೆಲ್ಲ ಮೊಳೆಯಲಾಗದಷ್ಟು ಕೆಳಕ್ಕೆ ಹೋಗುತ್ತದೆ. ಆಮೇಲೆ ನಾಲ್ಕು ಬೇಸಿಗೆ ಆ ನೆಲಕ್ಕೆ ನೇಗಿಲು ಮುಟ್ಟಿಸಕೂಡದು. ಕತ್ತಲಲ್ಲಿ ಬೀಜ ತಾನಾಗಿ ಕೊಳೆಯುತ್ತದೆ. ಕೊಳೆಯುವ ಮೊದಲೇ ಯಾರಾದರೂ ಮತ್ತೆ ಉತ್ತರೆ ಕೆಳಗಿದ್ದದ್ದೆಲ್ಲ ಮೇಲೆ, ಬೆಳಕಿಗೆ.

"ಕೋರ್ಸ್ ಕಂಪ್ಲೀಟ್ ಮಾಡಬೇಕು, ಅಷ್ಟೇ" ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಈ ನಾಲ್ಕು ಬೇಸಿಗೆಯ ವಿಷಯ ಎತ್ತುತ್ತಿರಲಿಲ್ಲ. "ಇದೊಂದು ವರ್ಷ ಕಣೇ, ಆಮೇಲೆ ನೋಡೋಣ" ಎಂದು ವರ್ಷ ವರ್ಷವೂ ಆಂಟಿಯನ್ನು ಸಮಾಧಾನ ಮಾಡುತ್ತಿದ್ದರು. ಸವತಿಯ ಜೊತೆ ನಾಲ್ಕು ವರ್ಷದ ಒಪ್ಪಂದವಾಗಿದೆ ಎಂದು ಯಾವ ಗಂಡಸು ತಾನೇ ಬಾಯಿಬಿಡುತ್ತಾನೆ!

ಎರಡು ಬೇಸಿಗೆ ಎಲ್ಲವೂ ಅವರು ಅಂದುಕೊಂಡಂತೆಯೇ ನಡೆಯಿತು. ಎರಡನೆಯ ಮೇ ತಿಂಗಳ ಕೊಯ್ಲು ನನಗೆ ಚೆನ್ನಾಗಿ ನೆನಪಿದೆ. ಮೂರು ದಿನ ಬಿಸಿಲು ಎಂದು ಹವಾಮಾನದವರು ಹೇಳಿದ್ದರು, ಇಲ್ಲಿ ಅದು ಹಬ್ಬಕ್ಕೆ ಸಮ. ಯಂತ್ರ ಒಂದೊಂದು ಸುತ್ತು ಬಂದಂತೆ ಹಸಿರು ವಾಸನೆ ಎದ್ದು ಗಂಟಲಿಗೆ ಇಳಿಯುತ್ತಿತ್ತು. ಯಂತ್ರದ ಹಿಂದೆ ಡಾಕ್ಟರು ಬೆನ್ನು ಬಗ್ಗಿಸಿಕೊಂಡು ಕರಿಹುಲ್ಲಿನ ತೆನೆ ಹುಡುಕುತ್ತಾ ಹೋದರು. ಹಿಂದಿನ ವರ್ಷ ತೋಳು ತುಂಬ ಸಿಕ್ಕಿದ್ದು ಈ ಸಲ ಮುಷ್ಟಿಯಲ್ಲಿ ಹಿಡಿಯುವಷ್ಟೂ ಸಿಗಲಿಲ್ಲ. ಸಿಕ್ಕಷ್ಟನ್ನೇ ಮನೆಗೆ ತಂದು ಆಂಟಿಯ ಮುಂದೆ ಹಿಡಿದು, "ಇಡೀ ಹೊಲದಲ್ಲಿ ಇಷ್ಟೇ ಕಣೇ!" ಎಂದರು. ಆಂಟಿ ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡರು. ಆ ಸಂಜೆ ಡಾಕ್ಟರು ತುಮಕೂರಿಗೆ ಫೋನ್ ಮಾಡಿ, "ಅಣ್ಣಾ, ಇನ್ನೆರಡು ವರ್ಷ ತಡಿ. ಟಿಕೆಟ್ ನಾನೇ ಕಳಿಸ್ತೀನಿ" ಎಂದದ್ದು ಗೋಡೆಯಾಚೆ ನಮಗೂ ಕೇಳಿಸಿತು. ನಾನು ಅವರನ್ನು ಅಷ್ಟು ಸುಖವಾಗಿ ನೋಡಿದ್ದು ಅದೇ ಕೊನೆ.

ಆ ವರ್ಷ ಎಲೆ ಉದುರುವ ಹೊತ್ತಿಗೆ ಅವರ ಹೃದಯ ತಡೆಯಲಿಲ್ಲ. ಆಪರೇಷನ್ ಎಂದು ಗೊತ್ತಾಯಿತು. ಮ್ಯಾಂಚೆಸ್ಟರಿನ ವಿದನ್‌ಶಾದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅವರ ಮಗಳು ಓಡಿಬಂದಳು. ಸುದ್ದಿ ತಿಳಿದ ಅಣ್ಣ ಯಾರ ಟಿಕೆಟ್ಟಿಗೂ ಕಾಯದೆ, ವೀಸಾ ಸಿಕ್ಕೊಡನೆ ಹೊರಟು ಬಂದರು. ಮಂಕಿ ಕ್ಯಾಪು, ಪಂಚೆಯ ಮೇಲೆ ಕೋಟು, ಕೈಯಲ್ಲಿ ಹುರಿಹಿಟ್ಟಿನ ಗಂಟು. ಬಂದ ದಿನದಿಂದಲೇ ನಮಗೆಲ್ಲ ಅಣ್ಣಯ್ಯ ಆದರು. ನನಗೆ ಅವರ ಪರಿಚಯವಾದದ್ದು ಎರಡೇ ದಿನ. ಅಷ್ಟರಲ್ಲಿ ನಮ್ಮಮ್ಮನಿಗೆ ಮಂಡಿ ಆಪರೇಷನ್ ಎಂದು ನಾನು ಮಗುವನ್ನು ಎತ್ತಿಕೊಂಡು ಮೈಸೂರಿಗೆ ಹೋಗಬೇಕಾಯಿತು.

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಕೇಳಿ ತಿಳಿದದ್ದು. ಡಾಕ್ಟರು ಆಸ್ಪತ್ರೆಯಲ್ಲಿ. ಆಂಟಿ ಅವರ ಹಾಸಿಗೆಯ ಪಕ್ಕ. ಅಣ್ಣಯ್ಯನಿಗೆ ಮನೆಯಲ್ಲಿ ಕೂತು ಮಾಡುವುದೇನು? ಯಾರನ್ನೋ ಕಾಡಿ ಬೇಡಿ ತಮ್ಮನ ಹೊಲ ನೋಡಲು ಹೋದರು. ನವೆಂಬರ್ ತಿಂಗಳು. ಸುತ್ತಲಿನ ಹೊಲಗಳಲ್ಲೆಲ್ಲ ಗೆರೆ ಎಳೆದಂತೆ ಎಳೆ ಗೋಧಿ ಎದ್ದಿತ್ತು. ನಡುವೆ ತಮ್ಮನ ಹೊಲ ಮಾತ್ರ ಕುರಿ ಮೇಯ್ದು ಬಿಟ್ಟ ಮೋಟು ಹುಲ್ಲು, ಅಲ್ಲಲ್ಲಿ ಹಿಕ್ಕೆ, ಒಣಗಿದ ಕ್ಲೋವರಿನ ಕಡ್ಡಿ. ರಾಗಿ ಸೀಮೆಯ ಕಣ್ಣಿಗೆ ಅದು ಮೇವಿನ ಹೊಲವಾಗಿ ಕಾಣಲಿಲ್ಲ, ಬೀಳುಬಿದ್ದ ಹೊಲವಾಗಿ ಕಂಡಿತು. ಕುಯ್ಲು ಮುಗಿದು ಮಾಗಿಯ ಚಳಿ ಹಿಡಿದ ಮೇಲೆ ಹೊಲ ಉತ್ತು ಮಣ್ಣು ಮಗುಚಿ ಹಾಕುವುದು ಅವರ ಕಡೆ ಮರ್ಯಾದೆಯ ಪ್ರಶ್ನೆ. ಮಾಗಿ ಉಳುಮೆ ಮಾಡದವನಿಗೆ ಹೆಣ್ಣು ಕೊಡಲೂ ಯೋಚಿಸುತ್ತಾರಂತೆ. ತಮ್ಮ ಪಾಪ, ಕಾಯಿಲೆಯಲ್ಲಿ ಕೈಲಾಗದೆ ಹೀಗೆ ಬಿಟ್ಟಿದ್ದಾನೆ, ಈ ಊರವರ ಮುಂದೆ ತಲೆ ತಗ್ಗಿಸುವಂತಾಗಿದೆ ಎಂದುಕೊಂಡರು ಅಣ್ಣಯ್ಯ.

ಹೊಲಕ್ಕೆ ಮಾಗಿ ಉಳುಮೆ ಮಾಡಿಸಲೇ ಎಂದು ಆಂಟಿಗೆ ಫೋನ್ ಹೋಯಿತು. ಆಪರೇಷನ್ ಆಗಿ ಇನ್ನೂ ಕಣ್ಣು ಬಿಡದ ಗಂಡನ ಪಕ್ಕ ಕೂತಿದ್ದ ಆಂಟಿ, "ಏನು ಬೇಕಾದರೂ ಮಾಡಿ ಭಾವ, ನನ್ನ ಕೇಳಬೇಡಿ" ಎಂದರು. ಅಣ್ಣಯ್ಯನನ್ನು ಹೊಲಕ್ಕೆ ಕರೆದೊಯ್ದವರು ವಿಷಯ ತಿಳಿಸಿದಾಗ ಟ್ರ್ಯಾಕ್ಟರಿನವನೂ ಆಂಟಿಗೆ ಫೋನ್ ಮಾಡಿ ಕೇಳಿಯೇ ಹೊರಟ. ಮೇವಿನ ಹುಚ್ಚಾಟ ಡಾಕ್ಟರಿಗೆ ಸಾಕಾಗಿದೆ ಎಂದು ಅವನೂ ತಿಳಿದ. ಯಾರದೂ ಕೆಟ್ಟ ಮನಸ್ಸಲ್ಲ... ಇಷ್ಟು ವರ್ಷವಾದರೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನನಗೆ ತಿಳಿದಿಲ್ಲ. ಅದೇ ಸಂಕಟ.

ನಾನು ಮೈಸೂರಿನಿಂದ ಬರುವಷ್ಟರಲ್ಲಿ ಡಾಕ್ಟರು ಮನೆಗೆ ಬಂದು ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡುವಂತಾಗಿದ್ದರು. ಬಂದ ವಾರವೇ ಅಣ್ಣಯ್ಯ ನಮ್ಮ ಬಾಗಿಲು ತಟ್ಟಿದರು. "ಅವ್ವ, ಕಾರ್ ತೆಗಿ. ನನ್ ತಮ್ಮಂಗೆ ಒಂದ್ ವಸ್ತು ತೋರಿಸ್ಬೇಕು." ಮುಖದಲ್ಲಿ ಹಬ್ಬದ ಕಳೆಯಿತ್ತು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ತಮ್ಮನ ಹೆಗಲು ತಟ್ಟುತ್ತಾ, "ಸುಮ್ನೆ ಕುಂತ್ಕಾ, ಏನೂ ಕೇಳ್‌ಬ್ಯಾಡ" ಎನ್ನುತ್ತಿದ್ದರು. ಡಾಕ್ಟರು ಆಪರೇಷನ್ನಿನ ಗಾಯ ನೋಯದಿರಲೆಂದು ಎದೆಗೆ ಒತ್ತಿ ಹಿಡಿದಿದ್ದ ದಿಂಬಿನ ಮೇಲೆ ಗಲ್ಲವಿಟ್ಟು ನಗುತ್ತಿದ್ದರು. ನನಗಾಗಲಿ ಅವರಿಗಾಗಲಿ ಒಂದು ಸಣ್ಣ ಸುಳಿವೂ ಇರಲಿಲ್ಲ.

ಗೇಟಿನ ಮುಂದೆ ಕಾರು ನಿಂತಿತು. ಹೊಲ ಕಂದುಬಣ್ಣಕ್ಕೆ ತಿರುಗಿತ್ತು. ಬೇಲಿಯಿಂದ ಬೇಲಿಯವರೆಗೆ ಒಂದು ಹಸಿರು ಕಡ್ಡಿಯಿಲ್ಲದೆ, ಹೊಳೆಯುವ ಹೆಂಟೆಗಳ ಸಾಲು. ಆಳದ ಮಣ್ಣೆಲ್ಲ ಮೇಲೆ ಬಿದ್ದು ಬೆಳಕು ನೋಡುತ್ತಿತ್ತು. ಓಕ್ ಮರದ ಬುಡದಲ್ಲಿ ಅರಿಶಿನ ಕುಂಕುಮ, ಒಡೆದ ಕಾಯಿಯ ಎರಡು ಹೋಳು. ಕಾವೆಂಟ್ರಿಯ ಅಂಗಡಿಯಿಂದ ತೆಂಗಿನಕಾಯಿ ತರಿಸಿ ಭೂಮಿಗೆ ಪೂಜೆ ಮಾಡಿಸಿದ್ದರಂತೆ.

"ಎಂಗೈತೆ?" ಎಂದರು ಅಣ್ಣಯ್ಯ. "ಟ್ಯಾಕ್ಟ್ರಿನಾಗೆ ಆವಪ್ಪನ ಪಕ್ಕದಾಗೆ ಕುಂತು ಉಳಿಸೀವ್ನಿ. ಒಂದ್ ಗೇಣೂ ಬಿಟ್ಟಿಲ್ಲ. ಇನ್ನೂ ಆಳುಕ್ಕೆ ಬಿಡು ಬಿಡು ಅಂತ ಸನ್ನೆ ಮಾಡ್ದೆ. ಅಪ್ಪ ಇದ್ದಿದ್ರೆ ಮೆಚ್ಕಳ್ಳೋನು ಕಣೋ."

ಇದ್ದದ್ದನ್ನು ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಡಾಕ್ಟರು ಅಣ್ಣನಿಗೆ ಕಾಣದಂತೆ ನನ್ನ ಮಣಿಕಟ್ಟು ಹಿಡಿದರು. ನಾಡಿ ನೋಡಿ ನೋಡಿ ಪಳಗಿದ ಕೈ ಅದು. ಆಮೇಲೆ ನಿಧಾನವಾಗಿ ಕಾರಿನಿಂದ ಇಳಿದರು. ಗೇಟು ಹಿಡಿದು ನಿಂತರು. ಅವರ ಮಾತಿನಿಂದ ಅದುವರೆಗಿನ ಇಂಗ್ಲಿಷೂ ಪೇಟೆಯ ಕನ್ನಡವೂ ಕಳಚಿ ಬಿದ್ದವು.

"ಚೆಂದಾಗ್ ಉಳಿಸಿದ್ದೀಯ ಕಣಣ್ಣ" ಎಂದರು. "ನನ್ ಕೈಲಿ ಇಂಗ್ ಆಗ್ತಿರ್ಲಿಲ್ಲ."

ಅಣ್ಣಯ್ಯ ಮಂಕಿ ಕ್ಯಾಪ್ ತೆಗೆದು ಕಣ್ಣೊರೆಸಿಕೊಂಡರು. ಅಣ್ಣತಮ್ಮಂದಿರಿಬ್ಬರೂ ಗೇಟಿನ ಮೇಲೆ ಮೊಣಕೈ ಊರಿ, ಪಕ್ಕಪಕ್ಕ ನಿಂತು ಹೊಲ ನೋಡಿದರು. ಒಂದೇ ನೊಗದ ಎರಡು ಎತ್ತು. ನನಗೆ ಅಲ್ಲಿ ನಿಲ್ಲಲಾಗದೆ ಕಾರಿನಲ್ಲಿ ಹೋಗಿ ಕೂತೆ.

ಅಣ್ಣಯ್ಯ ಊರಿಗೆ ಹೊರಟ ಮರುದಿನ ನಾನು ಡಾಕ್ಟರ ಮೇಲೆ ಹರಿಹಾಯ್ದೆ. ಸಂಕೋಚ ಪಡದೆ ಕೂಗಾಡಿದೆ ಎಂದೇ ಹೇಳಬೇಕು. ಯಾಕೆ ಸುಮ್ಮನಿದ್ದಿರಿ, ನಿಮ್ಮಣ್ಣನಿಗೆ ಇದು ತಿಳಿಯಬೇಡವೇ ಎಂದೆ. ಅವರು ಹಾಲು ಹಾಕದ ಟೀಯನ್ನು ಕಲಕುತ್ತಾ ಕೂತಿದ್ದರು.

"ಹುಡುಗನಾಗಿದ್ದಾಗಿಂದ ಅವನು ನನ್ನ ಪಾಲಿನ ಉಳುಮೇನೂ ತಾನೇ ಉತ್ತ. ಈಗಲೂ ಉತ್ತ. ಅದನ್ನ ತಪ್ಪು ಅಂತ ನಾನು ಯಾವ ಬಾಯಲ್ಲಿ ಹೇಳ್ಲಮ್ಮ?"

"ಸರಿ, ಮೊದಲಿಂದ ಶುರು ಮಾಡೋಣ. ಮತ್ತೆ ಮೇವು ಬಿತ್ತಿಸಿ" ಎಂದೆ.

"ಕೋರ್ಸ್ ಮಧ್ಯದಲ್ಲಿ ನಿಂತರೆ ಮೊದಲಿಂದ ಅಲ್ಲಮ್ಮ, ಮೊದಲಿಗಿಂತಲೂ ಹಿಂದಿನಿಂದ" ಎಂದರು. ಟೀ ಲೋಟವನ್ನು ಪಕ್ಕಕ್ಕಿಟ್ಟು, "ನಾಲ್ಕು ಬೇಸಿಗೆ ನನ್ನ ಹತ್ತಿರ ಎಲ್ಲಿದೆ?" ಎಂದೂ ಸೇರಿಸಿದರು. ಪೇಶೆಂಟಿಗೆ ರಿಪೋರ್ಟ್ ಓದಿ ಹೇಳುವವರ ದನಿ ಅದು. ಅಳುವಿರಲಿಲ್ಲ, ಸಿಟ್ಟಿರಲಿಲ್ಲ.

ಮಾರ್ಚ್‌ನಲ್ಲಿ ಒಮ್ಮೆ ಕರೆದೊಯ್ದೆ. ದೂರದಿಂದ ಹೊಲದ ಮೇಲೆ ತೆಳ್ಳಗೆ ಹಸಿರು ಪಾಚಿ ಕಟ್ಟಿದಂತಿತ್ತು. ಬೇಡ ಬೇಡವೆಂದರೂ ಕೇಳದೆ ಡಾಕ್ಟರು ಒದ್ದೆ ನೆಲಕ್ಕೆ ಮಂಡಿಯೂರಿದರು. ಒಂದು ಎಳೆ ಹುಲ್ಲನ್ನು ಬೇರು ಸಮೇತ ಕಿತ್ತು ನನ್ನ ಅಂಗೈಗೆ ಹಾಕಿ, "ಬುಡ ನೋಡು" ಎಂದರು. ಬುಡ ನೇರಳೆಯಾಗಿತ್ತು, ಕರಿಹುಲ್ಲಿನ ಗುರುತು ಅದು. ಇನ್ನೊಂದು ಕಿತ್ತರು. ಅದರದೂ ನೇರಳೆ. ಕಿತ್ತರು, ಮತ್ತೆ ಕಿತ್ತರು. ಎರಡು ಬೇಸಿಗೆ ಮುಷ್ಟಿಯೊಳಗೆ ಹಿಡಿದಿಟ್ಟದ್ದು ಕಣ್ಣಳತೆಯವರೆಗೂ ಹಬ್ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ಮಾತಿನ ಹಸಿವು ಎಂಥದೆಂದು ನನಗೆ ತಿಳಿದದ್ದು ಅಲ್ಲಿ. ಅವರನ್ನು ಎಬ್ಬಿಸಲು ನಾನು ಎರಡೂ ಕೈ ಕೊಡಬೇಕಾಯಿತು. ಮಂಡಿಯ ಮಣ್ಣನ್ನು ಒರೆಸಿಕೊಳ್ಳದೆ ಕಾರಿನಲ್ಲಿ ಕೂತರು.

ಆ ಹುಲ್ಲು ತೆನೆ ಹೊರಡಿಸುವ ಮೊದಲೇ ಡಾಕ್ಟರು ಹೋದರು. ಬೆಳಿಗ್ಗೆ ಗೋಡೆಯಾಚೆ ಆಂಟಿ ಕೂಗಿದ್ದು ಕೇಳಿಸಿತು. ನಾವು ಓಡಿದೆವು, ಅಷ್ಟೇ... ಅಣ್ಣಯ್ಯನಿಗೆ ಅಷ್ಟು ಬೇಗ ಮತ್ತೆ ಬರಲಾಗಲಿಲ್ಲ. ನನ್ನ ಫೋನನ್ನು ಎತ್ತಿ ಹಿಡಿದು ಅವರಿಗೆ ತಮ್ಮನ ಮುಖ ತೋರಿಸಿದೆ. ಆಂಟಿ ಮಗಳ ಜೊತೆ ಇರಲು ವಿದನ್‌ಶಾಗೆ ಹೋದರು. ಮನೆ ಮಾರಾಟವಾಯಿತು. ಹೊಲ ಟ್ರ್ಯಾಕ್ಟರಿನವನ ಪಾಲಾಯಿತು. ಹೊರಡುವ ದಿನ ಆಂಟಿ ಹೊಲದ ಗೇಟಿನ ಬೀಗದ ಕೈಯನ್ನು ನನ್ನ ಕೈಗಿಟ್ಟು, "ಸವತಿ ಗೆದ್ದಳು ಕಣೇ" ಎಂದು ನಕ್ಕರು. ನಕ್ಕು ಮುಗಿಯುವ ಮೊದಲೇ ಅತ್ತರು. ನಾಲ್ಕು ಬೇಸಿಗೆಯ ನಿಯಮವನ್ನು ನಾನು ಅವರಿಗೂ ಹೇಳಲಿಲ್ಲ. ಹೇಳಿ ಆಗಬೇಕಾದದ್ದೇನಿತ್ತು?

ಟ್ರ್ಯಾಕ್ಟರಿನವ ಅಲ್ಲಿ ಗೋಧಿ ಬಿತ್ತಿದ. ಮರು ಜೂನ್‌ನಲ್ಲಿ ಅಣ್ಣಯ್ಯನ ಫೋನ್ ಬಂತು. "ಅವ್ವ, ನಾನ್ ಉಳಿಸಿದ್ ಹೊಲ್ದಾಗೆ ಬೆಳೆ ಎಂಗೈತೆ? ಒಂದ್ ಪೋಟ ಕಳ್ಸವ್ವ." ಹೋಗಿ ನೋಡಿದೆ. ಗೋಧಿ ಅರ್ಧ, ಕರಿಹುಲ್ಲು ಅರ್ಧ. ಗಾಳಿಗೆ ಮತ್ತೆ ಅದೇ ಹೊಗೆ. ಫೋಟೋ ತೆಗೆದೆ. ಆಫೀಸಿಗೆ ಬಂದು ಕಂಪ್ಯೂಟರಿನಲ್ಲಿ ತೆರೆದು, ಕಪ್ಪು ತೆನೆಗಳನ್ನು ಒಂದೊಂದಾಗಿ ಅಳಿಸಿದೆ. ಖಾಲಿಯಾದಲ್ಲೆಲ್ಲ ಗೋಧಿ ಇಟ್ಟೆ. ಬೇಲಿಯಿಂದ ಬೇಲಿಗೆ ಬಂಗಾರದ ಬಣ್ಣ, ಮೂಲೆಯಲ್ಲಿ ಓಕ್ ಮರ. ಡಾಕ್ಟರು ಅಣ್ಣನಿಗೆ ತೋರಿಸಬೇಕೆಂದಿದ್ದ ಹೊಲ. ಕಳಿಸಿದೆ. ಅಣ್ಣಯ್ಯ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ತಮ್ಮನ ಫೋಟೋದ ಪಕ್ಕ ನೇತುಹಾಕಿದ್ದಾರಂತೆ. ಎರಡಕ್ಕೂ ಒಂದೇ ಹಾರವಂತೆ.

ಅಂದಿನಿಂದ ವರ್ಷಕ್ಕೊಂದು ಫೋಟೋ ಕಳಿಸುತ್ತಿದ್ದೇನೆ. ಒಂದೊಂದು ವರ್ಷವೂ ನಾನು ಅಳಿಸಬೇಕಾದ್ದು ಹೆಚ್ಚುತ್ತಿದೆ, ಉಳಿಸಿಕೊಳ್ಳಬಹುದಾದದ್ದು ಕಡಿಮೆಯಾಗುತ್ತಿದೆ. ಅಣ್ಣಯ್ಯನಿಗೆ ಈಗ ಎದ್ದು ಓಡಾಡಲಾಗುವುದಿಲ್ಲ, ಅವರ ಹೊಲವನ್ನು ಬೇರೆಯವರು ಮಾಡುತ್ತಿದ್ದಾರೆ. ಬಂದವರಿಗೆಲ್ಲ ಆ ಕಟ್ಟು ತೋರಿಸಿ, "ನನ್ ತಮ್ಮಂದು. ಉಳಿಸಿದ್ದು ನಾನು" ಎನ್ನುತ್ತಾರಂತೆ.

ಈ ವರ್ಷ ಟ್ರ್ಯಾಕ್ಟರಿನವನೂ ಕೈಚೆಲ್ಲಿದ. ಮೊನ್ನೆ ಹುಲ್ಲಿನ ಚೀಲದ ವಾಸನೆ ಮೂಗಿನಿಂದ ಹೋಗದೆ, ಕಾರು ತೆಗೆದುಕೊಂಡು ಹೋಗಿದ್ದೆ. ಗೋಧಿಯ ಒಂದು ಕಡ್ಡಿಯೂ ಇಲ್ಲ. ಗೇಟಿನಿಂದ ಓಕ್ ಮರದವರೆಗೂ ಕರಿಹುಲ್ಲು, ಬೀಜ ಉದುರಿಸಲು ಸಿದ್ಧವಾಗಿ ನಿಂತಿತ್ತು. ಮುಟ್ಟಿದರೆ ಸಾಕು, ಕೈತುಂಬ ಬೀಜ. ಕ್ಲೋವರಿನ ಒಂದು ಹೂವಾದರೂ ಉಳಿದಿದೆಯೇ ಎಂದು ಬೇಲಿಯುದ್ದಕ್ಕೂ ಹುಡುಕಿದೆ. ಇರಲಿಲ್ಲ.

ಇವತ್ತು ಅಣ್ಣಯ್ಯನ ಫೋನ್ ಬಂದಿತ್ತು. ದನಿ ಬಹಳ ಇಳಿದಿದೆ. "ಈ ವರ್ಸದ್ದು ಇನ್ನೂ ಬಂದಿಲ್ಲ ಕಣವ್ವ" ಎಂದರು. "ಕಳಿಸ್ತೀನಿ ಅಣ್ಣಯ್ಯ, ಈ ಸಲ ಬೆಳೆ ಚೆನ್ನಾಗಿದೆ" ಎಂದೆ. ಮಗಳು ಪಕ್ಕದಲ್ಲಿ ಕೂತು ಗಿನಿಪಿಗ್‌ಗೆ ಕುದುರೆ ಮಸಾಲೆ ತಿನ್ನಿಸುತ್ತಿದ್ದಾಳೆ. ಅದು ಕುರುಕುರು ಎಂದು ಅಗಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ಈ ವರ್ಷ ಅಳಿಸಿ ಉಳಿಸಿಕೊಳ್ಳುವುದಕ್ಕೆ ಅಲ್ಲಿ ಏನೂ ಇಲ್ಲ, ಇಡೀ ಹೊಲವನ್ನು ಬರಿಯ ನೆಲದಿಂದ ನಾನೇ ಮಾಡಬೇಕು. ಮೊದಲ ಗೋಧಿ ತೆನೆಯನ್ನು ಗೇಟಿನ ಪಕ್ಕ ಇಟ್ಟಿದ್ದೇನೆ. ಸಂಜೆಯೊಳಗೆ ಬೇಲಿಯವರೆಗೂ ತುಂಬಿಸಿ ಕಳಿಸಬೇಕು.